ಟೀ ಪಾಟಿನ ಮುಚ್ಚಳ

ಫ್ರೆಂಡ್ಸ್, ನಮ್ಮ ಏರಿಯಾ ಸದರ್ನ್ ರಿವರ್‌ನಲ್ಲಿ ನಾವು ಯಾವಾಗ್ಲೂ ಹೋಗೋ ಚೈನೀಸ್ ರೆಸ್ಟೋರೆಂಟ್ ಬಗ್ಗೆ "ಊಟ ಬೊಂಬಾಟ್, ರೇಟೂ ಕಮ್ಮಿ, ಆದ್ರೆ ಓನರಮ್ಮ ಟೀ ವಿಷಯದಲ್ಲಿ ಮಹಾ ಜುಗ್ಗಿ" ಅಂತ ನಿಮಗೆಲ್ಲ ಹೇಳಿದ್ದು ನಾನೇ. ಆ ಕೊನೇ ಮಾತು ವಾಪಸ್ ತಗೋತಿದ್ದೀನಿ.

ಇವತ್ತು ಮಧ್ಯಾಹ್ನ ಮಗಳನ್ನ ಕರ್ಕೊಂಡು ಊಟಕ್ಕೆ ಹೋಗಿದ್ದೆ. ಪಕ್ಕದ ಟೇಬಲ್ಲಿಗೆ ಮೂರು ಸಲ ಟೀ ತುಂಬಿಸಿದ ಓನರಮ್ಮ ನಮ್ಮ ಖಾಲಿ ಪಾಟಿನ ಕಡೆ ತಿರುಗಿಯೂ ನೋಡ್ಲಿಲ್ಲ. ನನಗೆ ರೇಗಿಹೋಯ್ತು. ಕರೆದು ಕೇಳೇಬಿಟ್ಟೆ: "ಆರು ವರ್ಷದಿಂದ ಬರ್ತಿದ್ದೀವಿ, ನಮಗೆ ಮಾತ್ರ ಯಾಕೆ ಎರಡನೇ ಸಲ ಟೀ ಕೊಡಲ್ಲ?"

ಅವರಿಗೆ ನನಗಿಂತ ಜಾಸ್ತಿ ಸಿಟ್ಟು. "ಇನ್ನೂ ಟೀ ಬೇಕಾದವರು ಪಾಟಿನ ಮುಚ್ಚಳ ತೆಗೆದಿಡ್ತಾರೆ. ನೀವು ಆರು ವರ್ಷದಿಂದ ಮುಚ್ಚೇ ಇಟ್ಟಿದ್ದೀರ. ನಾನಾಗೇ ತೆಗೆದಿಟ್ಟರೂ ಮತ್ತೆ ಮುಚ್ತೀರ!"

ಮಗಳು ಫೋನಿಂದ ತಲೆ ಎತ್ತದೆ, "ಅಮ್ಮಾ, ಎವ್ರಿವನ್ ನೋಸ್ ದಟ್" ಅಂದ್ಲು.

ಅಲ್ಲಾ, ಇದು ಮೈಸೂರಿನ ಅಡುಗೆಮನೆಯಲ್ಲಿ ಪಳಗಿದ ಕೈ. ಪಾತ್ರೆ ತೆರೆದಿರೋದು ಕಂಡ್ರೆ ಮುಚ್ಚದೆ ಇರಕ್ಕಾಗಲ್ಲ. ನೊಣ ಬಿದ್ರೆ ಯಾರು ಕುಡೀತಾರೆ?

ಓನರಮ್ಮ ಪಾಟ್ ತುಂಬಿಸಿ ತಂದಿಟ್ಟು, ಮುಚ್ಚಳಾನ ಕೌಂಟರಿಗೇ ತಗೊಂಡು ಹೋದ್ರು. ಹೆಂಗೋ ಟೀ ಬಂತಲ್ಲ, ಗೆದ್ದೆ ಅಂತ ಆರಾಮಾಗಿ ನೂಡಲ್ಸ್ ತಿಂತಿದ್ದೆ.

ಐದು ನಿಮಿಷ ಆದ್ಮೇಲೆ ಮಗಳು, "ಅಮ್ಮಾ, ಸೀರಿಯಸ್ಲೀ?" ಅಂದ್ಲು.

ನೋಡ್ತೀನಿ, ಟೀ ಪಾಟಿನ ಮೇಲೆ ಸಾಸಿನ ಪುಟ್ಟ ತಟ್ಟೆ ಮುಚ್ಚಿದೆ. ಮುಚ್ಚಿದ ಕೈ ಇನ್ನೂ ಅದರ ಮೇಲೇ ಇದೆ, ನಂದೇ.