ಕಾವಲಿನ ನಕ್ಷೆ, ಹೋಗದ ಮೇಲ್

ಕುರಿಗಳು ಮೇಯುತ್ತಿದ್ದ ನಮ್ಮೂರ ಕಾವಲಿಗೆ ಬೇಲಿ ಬಿದ್ದು, ಒಳಗೆ ದೇಶದ ರಕ್ಷಣೆಗೆ ಸಂಬಂಧಿಸಿದ ದೊಡ್ಡ ದೊಡ್ಡ ಕಟ್ಟಡಗಳು ಎದ್ದ ಮೇಲೆ, ಅದರ ಹತ್ತಿರ ನಾವು ದನಿ ತಗ್ಗಿಸಿ ಮಾತಾಡುವುದನ್ನು ಕಲಿತೆವು. ಯಾರೂ ಹಾಗೆ ಹೇಳಿರಲಿಲ್ಲ, ಹೆದರಿಕೆ ನಮ್ಮದೇ. ಕುರಿಗಳು ನೀರಿಗೆ ಹೋಗುವ ದಾರಿ ಬಿಟ್ಟುಕೊಡಿ ಎಂದು ಅರ್ಜಿ ಬರೆಯುವ ಕೆಲಸವನ್ನು ಊರವರು ನನಗೆ ಹಚ್ಚಿದರು. ಮನೆಯಲ್ಲಿ ಕಂಪ್ಯೂಟರ್ ಇದ್ದವನು ನಾನೊಬ್ಬನೇ, ಆ ಜಂಬವೂ ಇತ್ತು. ದಾರಿಯನ್ನು ತೋರಿಸುವ ಹಳೆಯ ಕೈನಕ್ಷೆ, ಹಿರಿಯರು ಹೆಬ್ಬೆಟ್ಟು ಒತ್ತಿದ್ದು, ತೀರಿಹೋದ ಅಪ್ಪನ ಟ್ರಂಕಿನಲ್ಲಿತ್ತು. ಊರಿಗೆ ಬೇರೆ ಪುರಾವೆ ಇರಲಿಲ್ಲ; ಅರ್ಜಿಯಲ್ಲೂ ಅದನ್ನೇ ಹೆಸರಿಸಿದ್ದೆ.

ಅರ್ಜಿಯನ್ನು ಮೊಳಕಾಲ್ಮುರಿನ ವಕೀಲರಿಗೆ ಮೇಲ್ ಮಾಡಲು ಕೂತರೆ ಹೋಗಲೇ ಇಲ್ಲ. ಬರುವ ಮೇಲ್ ಬರುತ್ತಿತ್ತು, ಹೋಗುವುದು ಮಾತ್ರ ನಿಂತಿತ್ತು. ಹೊಸದಾಗಿ ಹಾಕಿಸಿಕೊಂಡಿದ್ದ ಇಂಟರ್ನೆಟ್ಟಿನವರಿಗೆ ಫೋನ್ ಮಾಡಿದೆ. “ನಿಮ್ಮ ಲೈನಿಂದ ಮೇಲ್ ಹೋಗೋದನ್ನ ತಡೆದಾರೆ ಸಾರ್. ಮೇಲಿನೋರ ಆದೇಶ. ಹುಡುಗನ್ನ ಕಳಿಸ್ತೀವಿ,” ಎಂದು ಒಬ್ಬ ಫೋನ್ ಇಟ್ಟುಬಿಟ್ಟ.

ಮೇಲಿನವರೆಂದರೆ ಬೇಲಿಯೊಳಗಿನವರೇ ಎಂದು ತಿಳಿದೆ. ರಸ್ತೆಯಲ್ಲಿ ಜೀಪಿನ ಸದ್ದಾದರೆ ಕಿಟಕಿ ಮುಚ್ಚುತ್ತಿದ್ದೆ. ಎರಡು ದಿನ ಊಟ ಸೇರಲಿಲ್ಲ.

“ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೋ ಹೆಗಲು ಮುಟ್ಕೊಂತೀಯ?” ಎಂದಳು ಅವ್ವ, ನಾನು ಟ್ರಂಕಿನ ಸುತ್ತ ಸುಳಿದಾಡುವುದನ್ನು ಕಂಡು. “ದಾರಿ ಕೇಳಿದ್ರೆ ಯಾರೂ ಜೈಲಿಗೆ ಹಾಕಲ್ಲ. ಅಪ್ಪನ ಟ್ರಂಕಿನ ತಂಟೆಗೆ ಮಾತ್ರ ಹೋಗಬ್ಯಾಡ.”

ಓದದವಳಿಗೇನು ಗೊತ್ತು ಎಂದುಕೊಂಡೆ. ಕಾವಲಿನ ನಕ್ಷೆ ಮನೆಯಲ್ಲಿ ಸಿಕ್ಕರೆ ಗೂಢಚಾರನೆಂದು ಎಳೆದುಕೊಂಡು ಹೋಗುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಮೂರನೆಯ ಬೆಳಿಗ್ಗೆ ಅವಳು ಕುರಿಹಟ್ಟಿಗೆ ಹೋದಾಗ ಅದನ್ನು ಬಚ್ಚಲ ಒಲೆಗೆ ಹಾಕಿದೆ. ಹಳೆಯ ಕಾಗದ, ಕ್ಷಣದಲ್ಲಿ ಉರಿದುಹೋಯಿತು. ಅದೇ ಬಿಸಿನೀರಿನಲ್ಲಿ ಸ್ನಾನ ಮಾಡಿದೆ.

ಅದೇ ಮಧ್ಯಾಹ್ನ ಚಳ್ಳಕೆರೆಯಿಂದ ಇಂಟರ್ನೆಟ್ ಹುಡುಗ ಬೈಕಿನಲ್ಲಿ ಬಂದ.

“ಏನಿಲ್ಲ ಸಾರ್. ವೈರಸ್ ಹತ್ತಿದ ಕಂಪ್ಯೂಟರ್‌ಗಳು ಮನೆಯೋರಿಗೆ ಗೊತ್ತಿಲ್ದಂಗೆ ಸಾವಿರಾರು ಕಸದ ಮೇಲ್ ಕಳಿಸ್ತಾವೆ. ಅದಕ್ಕೇ ನಮ್ಮ ಕಂಪನಿ ಮೇಲಿನೋರು ಎಲ್ಲಾ ಮನೆ ಲೈನಿಗೂ ಮೇಲ್ ಹೋಗೋ ಹಳೇ ದಾರಿ ಬಂದ್ ಮಾಡ್ಯಾರೆ. ಇಲ್ಲಿ ಮೇಲ್ ಸೆಟ್ಟಿಂಗಿನಾಗೆ ಆ ದಾರಿ ನಂಬರ್ ಬದಲಾಯಿಸಿದ್ರೆ ಆಯ್ತು.”

“ಎಲ್ಲರಿಗೂನಾ?” ಎಂದೆ.

“ಎಲ್ಲರಿಗೂ ಸಾರ್.”

ನಂಬರ್ ಬದಲಾಯಿಸಿದ. ಅರ್ಜಿ ಹೋಯಿತು. ಅವ್ವ ಕೊಟ್ಟ ಮಜ್ಜಿಗೆ ಕುಡಿದು ಹೊರಟ.

ಸಂಜೆ ವಕೀಲರ ಉತ್ತರ ಬಂತು: ಅರ್ಜಿ ಚೆನ್ನಾಗಿದೆ, ನಕ್ಷೆಯ ಮೂಲಪ್ರತಿ ತನ್ನಿ.

“ಏನಂತೆ?” ಎಂದಳು ಅವ್ವ.

“ನಕ್ಷೆ ಬೇಕಂತೆ.”

“ಐತಲ್ಲ. ತಡಿ, ತೆಗ್ದು ಕೊಡ್ತೀನಿ,” ಎಂದು ಮೊಣಕಾಲು ಹಿಡಿದುಕೊಂಡು ಎದ್ದಳು. ಒಳಗೆ ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು.