ನಲಿ-ಕಲಿ ಕೋಣೆಯ ಗೋಡೆ

ಕೆಲಸಕ್ಕೆ ಹಾಜರಾದ ದಿನ ಮುಖ್ಯಗುರುಗಳು ನನ್ನನ್ನು ಶಾಲೆಯ ಕೊನೆಯ ಕೋಣೆಗೆ ಕರೆದೊಯ್ದರು. ಬಾಗಿಲು ನೂಕಿ, ಮೂಗಿಗೆ ಕರವಸ್ತ್ರ ಹಿಡಿದು ತಾವು ಹೊರಗೇ ನಿಂತರು.

"ಇದರಾಗ ನಲಿ-ಕಲಿ ನಡಸ್ರಿ ಮೇಡಂ. ಸ್ವಲ್ಪ ಸ್ವಚ್ಛ ಮಾಡ್ಕೋಬೇಕಾಗತೈತಿ ಅಷ್ಟ."

ನನ್ನ ಮನೆ ಗೋಕಾಕದಲ್ಲಿ. ಮೂಡಲಗಿಯ ಬಸ್ಸು ಇಳಿದು, ಕಬ್ಬಿನ ಹೊಲಗಳ ನಡುವಿನ ರಸ್ತೆಯಲ್ಲಿ ಈ ಊರಿಗೆ ನಡೆದು ಬರುವಾಗ ನನ್ನ ಚೀಲದಲ್ಲಿ ಬಣ್ಣದ ಕಾಗದ, ಅಂಟು, ಕತ್ತರಿ ಇದ್ದವು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುವ ಕೋಣೆ ಹೇಗಿರಬೇಕೆಂದು ತರಬೇತಿಯ ದಿನಗಳಿಂದಲೂ ಕನಸು ಕಂಡಿದ್ದೆ. ಈಗ ಕಣ್ಣೆದುರಿಗಿದ್ದದ್ದು ಮುರಿದ ಬೆಂಚುಗಳ ರಾಶಿ, ಬಿಸಿಯೂಟದ ಹಳೆಯ ಚೀಲಗಳು, ಹುಳು ಹರಿದಾಡುತ್ತಿದ್ದ ಬೇಳೆ, ಇಲಿ ಹಿಕ್ಕೆ. ಮೂಲೆಗಳಲ್ಲಿ ಸೊಂಟದೆತ್ತರದವರೆಗೆ ಗುಟ್ಕಾ ಉಗುಳಿ ಉಗುಳಿ ಗೋಡೆ ಕಂದುಗೆಂಪಾಗಿತ್ತು. ಕಲಿಕಾ ಕಾರ್ಡುಗಳ ಪೆಟ್ಟಿಗೆಯ ಮುಚ್ಚಳ ತೆಗೆದರೆ, ಚೂರಾದ ಅಕ್ಷರಗಳ ನಡುವೆ ಕೂದಲಿಲ್ಲದ ಇಲಿಮರಿಗಳು ಮಿಸುಕಾಡುತ್ತಿದ್ದವು. ನಾನು ಓಡಿಹೋಗಿ ಬೇವಿನ ಮರದ ಬುಡದಲ್ಲಿ ವಾಂತಿ ಮಾಡಿಕೊಂಡೆ.

ದಸರಾ ರಜೆಯಲ್ಲಿ ಬಿಸಿಯೂಟದ ಅಡುಗೆಯಾಕೆಯೂ ನಾನೂ ಸೇರಿ ಆ ಕೋಣೆ ತೊಳೆದೆವು. "ನೀವು ಹೊರಗ ನಿಂದರ್ರಿ ಬಾಯಾರ, ಇದೆಲ್ಲಾ ನಿಮಗ ಆಗೂದಿಲ್ಲ," ಎಂದಳು ಆಕೆ. ನಿಜಕ್ಕೂ ಆಗುತ್ತಿರಲಿಲ್ಲ. ಉಗುಳಿನ ಪದರವನ್ನು ಕರಣಿಯಿಂದ ಕೆರೆಯುವಾಗ ಹಕ್ಕಳೆ ಹಕ್ಕಳೆಯಾಗಿ ಕಾಲ ಮೇಲೆ ಬೀಳುತ್ತಿತ್ತು. ಮನೆಗೆ ಹೋಗಿ ಎಷ್ಟು ಸಲ ಕೈ ತೊಳೆದರೂ ತುತ್ತು ಬಾಯಿಗಿಡುವಾಗ ಆ ವಾಸನೆ ಬರುತ್ತಿತ್ತು.

ಕೊನೆಗೂ ಸುಣ್ಣ ಬಳಿದೆವು. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಹಚ್ಚಿ, ಗೆರೆ ಎಳೆದು, ಪ್ರತಿ ಮಗುವಿಗೂ ಬರೆಯಲು ಒಂದೊಂದು ಪಾಲು ಮಾಡಿದೆ. ಮಕ್ಕಳ ಚಿತ್ರಗಳನ್ನು ತೂಗುಹಾಕಲು ತಲೆಯ ಮೇಲೆ ದಾರದ ಚಪ್ಪರ ಕಟ್ಟಿದೆ. ಶಾಲೆ ಶುರುವಾದಾಗ ಮಕ್ಕಳು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಯಾರದೋ ಮನೆಗೆ ಬಂದವರ ಹಾಗೆ ಮೆಲ್ಲಗೆ ಒಳಗೆ ಬಂದರು. ಒಂದನೇ ತರಗತಿಯ ಒಬ್ಬ ಹುಡುಗಿ ಮೂಲೆಯ ತನ್ನ ಪಾಲಿನಲ್ಲಿ ದೊಡ್ಡದಾಗಿ 'ರ' ಬರೆದು, ಅದನ್ನು ಅಳಿಸಬಾರದೆಂದು ಎಲ್ಲರಿಗೂ ತಾಕೀತು ಮಾಡಿದಳು. ಆಕೆ ಶಾಲಾ ಸಮಿತಿಯ ಅಧ್ಯಕ್ಷರ ಮೊಮ್ಮಗಳು.

ಒಂದು ಸೋಮವಾರ ಬಾಗಿಲು ತೆರೆದಾಗ ಚಾಪೆಯ ಮೇಲೆ ಇಸ್ಪೀಟಿನ ಎಲೆ, ಬೀಡಿಯ ತುಂಡುಗಳು ಬಿದ್ದಿದ್ದವು. ಮಕ್ಕಳ ಅಕ್ಷರಗಳ ಮೇಲೆ ಗುಟ್ಕಾ ಉಗುಳು ಉದ್ದಕ್ಕೆ ಇಳಿದಿತ್ತು, ಇನ್ನೂ ಅಂಟಂಟಾಗಿತ್ತು. ನಾನು ಗೋಡೆಯನ್ನೇ ನೋಡುತ್ತ ನಿಂತಿದ್ದಾಗ, ಆ ಹುಡುಗಿ ಹೋಗಿ ಲಂಗದ ಅಂಚಿನಿಂದ ತನ್ನ 'ರ' ಮೇಲಿನ ಉಗುಳು ಒರೆಸತೊಡಗಿದಳು. ನಾನು ಚೀರಿ ಅವಳ ಕೈ ಹಿಡಿದೆಳೆದೆ.

"ಏನಾಗೂದಿಲ್ರಿ ಬಾಯಾರ," ಎಂದಳು ಅವಳು, ನನ್ನನ್ನೇ ಸಮಾಧಾನ ಮಾಡುವ ಹಾಗೆ. "ಮನ್ಯಾಗ ನಮ್ಮಜ್ಜಾ ಉಗುಳಿದ್ದು ನಾನ ಒರಸ್ತೀನ್ರಿ."

ನಳದ ಕೆಳಗೆ ಅವಳ ಕೈ ತಿಕ್ಕಿ ತೊಳೆಯುವಾಗ ನನಗೆ ಅಳು ಬರಲಿಲ್ಲ, ಬಂದದ್ದು ವಾಕರಿಕೆ.

ಕೋಣೆಯ ಇನ್ನೊಂದು ಚಾವಿ ಅಧ್ಯಕ್ಷರ ಹತ್ತಿರ ಇತ್ತು. ಮುಖ್ಯಗುರುಗಳಿಗೆ ಅದು ಗೊತ್ತಿತ್ತು. "ದೊಡ್ಡ ಮಂದಿ ಮೇಡಂ, ಅವರನ್ನ ಎದುರು ಹಾಕ್ಕೋಬ್ಯಾಡ್ರಿ. ಮತ್ತೊಮ್ಮೆ ಸುಣ್ಣಾ ಹಚ್ಚಿದ್ರ ಮುಗೀತು," ಎಂದರು. ನಾನು ಹಚ್ಚಲಿಲ್ಲ. ಮಕ್ಕಳನ್ನು ವರಾಂಡದಲ್ಲಿ ಕೂರಿಸಿದೆ. ಆ ವಾರ ಸಮಿತಿಯ ಸಭೆ ಇತ್ತು. ಅದಕ್ಕೆ ಅದೇ ಕೋಣೆಯಲ್ಲಿ, ಆ ಗೋಡೆಗೆ ಮುಖ ಮಾಡಿ ಚಾಪೆ ಹಾಸಿದೆ. ಎಲ್ಲರೂ ಕೂತ ಮೇಲೆ ಅಡುಗೆಯಾಕೆ ಚಹಾ ತಂದಳು. ಯಾರೂ ಕಪ್ಪು ಮುಟ್ಟಲಿಲ್ಲ.

"ಹೊರಗ ಕುಂದ್ರೂಣ್ರಿ, ಇಲ್ಲೆ ನಾತ ಐತಿ," ಎಂದರು ಅಧ್ಯಕ್ಷರು.

"ಕುಡೀರಿ ಸಾಹುಕಾರ್ರ," ಎಂದೆ. "ಮಕ್ಕಳು ದಿನಾ ಕುಂದ್ರೂ ಜಾಗಾನ ಇದು. ನಿಮ್ಮ ಮೊಮ್ಮಗಳು ಈ ಉಗುಳು ಲಂಗದಿಂದ ಒರಸಾಕತ್ತಿದ್ಲು. ಮನ್ಯಾಗೂ ಅಜ್ಜಾಂದು ತಾನ ಒರಸ್ತೀನಿ ಅಂದ್ಲು."

ಎಲ್ಲರೂ ಅವರ ಮುಖ ನೋಡಿದರು. ಅವರು ಎದ್ದು ಹೊರಟುಹೋದರು.

ಮರುದಿನ ಬೆಳಿಗ್ಗೆ ಊರಿನ ಗಟಾರ ತೆಗೆಯುವ ಮುದುಕಿ ಪೊರಕೆ ಹಿಡಿದು ಶಾಲೆಗೆ ಬಂದಳು. "ಸಾಹುಕಾರ್ರು ಕಳಿಸ್ಯಾರ್ರಿ, ಗ್ವಾಡಿ ತೊಳಿ ಅಂದಾರು." ನನಗೆ ಮೊದಲ ದಿನ ಆ ಪೆಟ್ಟಿಗೆ ತೆರೆದಾಗಲೂ ಇಷ್ಟು ಹೇಸಿಗೆ ಆಗಿರಲಿಲ್ಲ. ಮುದುಕಿಯನ್ನು ಕೂರಿಸಿ ಚಹಾ ಕೊಟ್ಟು, "ಇದು ನಿಮ್ಮ ಕೆಲಸ ಅಲ್ರಿ ಅಮ್ಮಾ. ಉಗುಳಿದವರ ಬರ್ಲಿ ಅಂತ ಬಾಯಾರು ಹೇಳ್ಯಾರ ಅನ್ರಿ," ಎಂದು ಕಳಿಸಿದೆ. ಮುಖ್ಯಗುರುಗಳು ತಲೆಗೆ ಕೈ ಹಚ್ಚಿ ಕೂತರು.

ಮಾತು ಊರೆಲ್ಲ ಹರಡಿರಬೇಕು. ವಾರ ತುಂಬುವ ಮೊದಲೇ, ಮಕ್ಕಳು ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ ಅಧ್ಯಕ್ಷರೇ ಬಂದರು. ಬಾಯಿಗೆ ಟವೆಲ್ ಕಟ್ಟಿಕೊಂಡಿದ್ದರು. ಯಾರ ಜೊತೆಗೂ ಮಾತಾಡದೆ, ನಮಗೆ ಬೆನ್ನು ಹಾಕಿ ಗೋಡೆ ತಿಕ್ಕಿದರು. ನಡುವೆ ಎರಡು ಸಲ ಹೊರಗೆ ಬಂದು ಓಕರಿಸಿದರು. ನೋಡಿ ನನಗೆ ಕನಿಕರ ಬರಬಹುದೆಂದು ಕಾದೆ, ಬರಲಿಲ್ಲ. ಕೆಲಸ ಮುಗಿಸಿ ಚಾವಿಯನ್ನು ಮುಖ್ಯಗುರುಗಳ ಮೇಜಿನ ಮೇಲೆ ಎಸೆದು ಹೊರಟರು. ಗೇಟಿನ ಹತ್ತಿರ ಟವೆಲ್ ಬಿಚ್ಚಿ, ಜೇಬಿನಿಂದ ಗುಟ್ಕಾ ತೆಗೆದು ಬಾಯಿಗೆ ಸುರುವಿಕೊಂಡು, ಕಂಪೌಂಡಿನ ಗೋಡೆಗೆ ಉಗುಳಿ ಹೋದರು.

"ಬಿಡ್ರಿ ಬಾಯಾರ, ಒಳಗರ ಸ್ವಚ್ಛ ಆತಲ್ಲ," ಎಂದಳು ಅಡುಗೆಯಾಕೆ.

ಮಧ್ಯಾಹ್ನ ಮಕ್ಕಳು ಮತ್ತೆ ಒಳಗೆ ಬಂದು ತಮ್ಮ ತಮ್ಮ ಪಾಲಿನ ಮುಂದೆ ಕೂತರು. ಆ ಹುಡುಗಿ ಮಾತ್ರ ಬಾಗಿಲ ಬಳಿ ನಿಂತೇ ಇದ್ದಳು. "ನನಗ ಮೂಲ್ಯಾಗಿಂದು ಬ್ಯಾಡ್ರಿ. ಕಿಡಕಿ ಬಾಜೂ ಕೊಡ್ರಿ," ಎಂದಳು. ಡಬ್ಬಿಯ ತಳದಲ್ಲಿ ಸ್ವಲ್ಪ ಕಪ್ಪು ಬಣ್ಣ ಉಳಿದಿತ್ತು. ಕಿಟಕಿಯ ಪಕ್ಕ ಅವಳಿಗೆ ಹೊಸದೊಂದು ಪಾಲು ಬಳಿದುಕೊಟ್ಟೆ. ಒಣಗುವವರೆಗೆ ಮುಟ್ಟಬಾರದೆಂದು ಹೇಳಿದ್ದಕ್ಕೆ ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅದರ ಮುಂದೆ ಕಾವಲು ಕೂತಳು.