ಮೂರು ದಾರಿ ಕೂಡುವಲ್ಲಿನ ಮನೆ

ದಾಂಡೇಲಿಯ ಕಾಗದದ ಮಿಲ್ಲಿನ ಸಾಲುಮನೆಗಳಲ್ಲಿ ನಮ್ಮ ಸಾಲಿಗೆ ಹನ್ನೆರಡು ಮನೆ. ಹನ್ನೊಂದರಲ್ಲಿ ಧಾರವಾಡ, ಬೆಳಗಾವಿ ಕಡೆಯಿಂದ ಬಂದ ನಾವು. ತುದಿಯ ಮನೆಯಲ್ಲಿ ಅಣಶಿ ಕಡೆಯ ಕ್ರಿಸ್ತುವರ ಗಂಡ ಹೆಂಡತಿ. ಗಂಡ ಬಿದಿರು ಕತ್ತರಿಸುವ ಮಷೀನಿನ ಮೇಲೆ ಕೆಲಸಕ್ಕಿದ್ದ. ಹೆಂಡತಿಯನ್ನು ನಾವೆಲ್ಲ ಬಾಯಿ ಎನ್ನುತ್ತಿದ್ದೆವು. ಅವಳ ಮನೆಮಾತು ಕೊಂಕಣಿ. ಕನ್ನಡವನ್ನು ನಮ್ಮ ಅತ್ತೆಯಿಂದ ಕಲಿತದ್ದು. ಹೀಗಾಗಿ ಇಪ್ಪತ್ತೆರಡರ ಹುಡುಗಿ ಅರವತ್ತರ ಮುದುಕಿಯ ಹಾಗೆ ಮಾತಾಡುತ್ತಿದ್ದಳು. ಸೊಸೆಯಾಗಿ ಬಂದು ನಾನೂ ಅದೇ ಶಾಲೆಯಲ್ಲಿ ಪಳಗಿದವಳಾದ್ದರಿಂದ ನಗುವ ಹಕ್ಕು ನನಗಿರಲಿಲ್ಲ.

ಆ ಮನೆಗೆ ಬಂದ ಮೇಲೆ ಅವಳ ಬಸಿರು ಎರಡು ಸಲ ಇಳಿದಿತ್ತು. ಈಗ ಮೂರನೆಯದು, ಐದು ತಿಂಗಳು. ಹೆಚ್ಚು ಓಡಾಡಬೇಡ, ತವರಿನ ಕಡೆ ಹೋಗುವ ಲಾರಿಯನ್ನಂತೂ ಹತ್ತಲೇಬೇಡ ಎಂದು ಡಾಕ್ಟರು ಹೇಳಿದ್ದರು.

ಇನ್ನು ಆ ಮನೆ ಇದ್ದ ಜಾಗದ ಮಾತು. ನಮ್ಮಲ್ಲಿ ಕೂಸು ರಚ್ಚೆ ಹಿಡಿದರೆ, ಎಮ್ಮೆ ಒದ್ದರೆ, ಗಂಡಸರು ಉಣ್ಣದೆ ಎದ್ದರೆ ದೃಷ್ಟಿ ತೆಗೆಯುತ್ತಾರೆ. ನಿವಾಳಿಸಿದ ನಿಂಬೆಹಣ್ಣನ್ನು ಮೂರು ದಾರಿ ಕೂಡುವಲ್ಲಿ ಒಗೆದು ಹಿಂದೆ ತಿರುಗಿ ನೋಡದೆ ಬರಬೇಕು. ಹಳ್ಳಿಯಲ್ಲಾದರೆ ಅಂಥ ಜಾಗ ಬೇಕಾದಷ್ಟು. ಸಾಲುಮನೆಗಳ ನಕ್ಷೆ ಬರೆದ ಇಂಜಿನಿಯರ ಸಾಹೇಬರಿಗೆ ಈ ಅಗತ್ಯ ಹೊಳೆದಿರಲಿಲ್ಲ. ನಮ್ಮ ಸಾಲಿನ ಹತ್ತಿರ ಮೂರು ದಾರಿ ಕೂಡುತ್ತಿದ್ದುದು ಒಂದೇ ಕಡೆ, ಬಾಯಿಯ ಬಾಗಿಲೆದುರು. ಹನ್ನೊಂದು ಮನೆಯವರೂ ಅಲ್ಲೇ ಒಗೆಯುತ್ತಿದ್ದೆವು. ತಿರುಗಿ ನೋಡಬಾರದೆಂಬ ನಿಯಮ ಇದ್ದುದರಿಂದ ಅದು ಯಾರ ಬಾಗಿಲು ಎಂದು ಯಾರೂ ನೋಡಿರಲಿಲ್ಲ.

ಬಾಯಿ ಮೊದಮೊದಲು ಅವು ಸಂತೆಯಿಂದ ಬರುವವರ ಚೀಲದಿಂದ ಉದುರಿದವು ಎಂದುಕೊಂಡಿದ್ದಳು. ಒಳ್ಳೆಯವನ್ನು ಆರಿಸಿ ಉಪ್ಪಿನಕಾಯಿ ಹಾಕಿದ್ದಳು. ನಮಗೂ ಒಂದು ಬಟ್ಟಲು ಕೊಟ್ಟಿದ್ದಳು. ಚೆನ್ನಾಗಿತ್ತು.

ಎರಡನೆಯ ಬಸಿರು ಇಳಿದ ಮೇಲೆ ಅವಳಿಗೆ ಬೇರೆ ವಿಚಾರ ಹತ್ತಿತು. ಒಂದು ದಿನ ನಮ್ಮ ಅಡಿಗೆಮನೆಯಲ್ಲಿ ಚಹಾ ಕುಡಿಯುತ್ತ ದನಿ ತಗ್ಗಿಸಿದಳು.

"ಅಕ್ಕಾ, ನನಗ ಯಾರೋ ಮಾಟ ಮಾಡ್ಸ್ಯಾರ."

"ಹಂಗ್ಯಾಕಂತಿ?"

"ಈ ಅಮಾಸಿಗೆ ನಾಕು ನಿಂಬಿಹಣ್ಣು, ಒಂದು ಕುಂಬಳಕಾಯಿ. ಕುಂಬಳಕಾಯಿ ಅಕ್ಕಾ! ಅಷ್ಟು ಖರ್ಚು ಮಾಡಿ ನನ್ನ ಹೊಟ್ಟ್ಯಾಗಿನ ಕೂಸಿನ ಮ್ಯಾಲ ಯಾರಿಗೆ ಇಷ್ಟು ಸಿಟ್ಟು?"

ಆ ನಾಲ್ಕರಲ್ಲಿ ಒಂದು ನಮ್ಮದು. ಮಗ ಎರಡು ದಿನ ಹಾಲು ಕುಡಿಯದ್ದಕ್ಕೆ ಅತ್ತೆ ನಿವಾಳಿಸಿದ್ದು, ನಾನು ಒಗೆದದ್ದು. ಹೇಳಬೇಕೆಂದು ತುಟಿ ತೆರೆದೆ. ಹೇಳಿದ ಮೇಲೆ ಈ ಕೂಸೂ ಉಳಿಯದಿದ್ದರೆ? ಆ ಪಾಪ ಹೆಸರು ಹಿಡಿದು ನಮ್ಮ ಮನೆಗೇ ಬರುತ್ತದೆ. ಇನ್ನೊಂದಿಷ್ಟು ಚಹಾ ಹಾಕಿದೆ.

ಹಳಿಯಾಳದಿಂದ ಪಾದ್ರಿಗಳು ಬಂದಾಗ ಬಾಯಿ ಮನೆಗೆ ಕರೆಸಿದಳು. ಮಂಗಳೂರು ಕಡೆಯವರು, ಪುಸ್ತಕದ ಕನ್ನಡ. ತೀರ್ಥ ಚಿಮುಕಿಸಿ ಪ್ರಾರ್ಥನೆ ಮಾಡಿದರು.

"ಅಮ್ಮಾ, ಜ್ಞಾನಸ್ನಾನ ಆದವರಿಗೆ ಮಾಟ ತಾಗುವುದಿಲ್ಲ. ಹೆದರಬೇಡಿ."

ಬಾಯಿಗೆ ಅಷ್ಟು ಸಾಕಾಗಲಿಲ್ಲ. ಮನೆಯಲ್ಲಿರುವುದನ್ನು ಓಡಿಸಿಕೊಡಿ ಎಂದಳು. ಅಂಥ ಪ್ರಾರ್ಥನೆಗೆ ಬಿಷಪ್ಪರ ಲಿಖಿತ ಅಪ್ಪಣೆ ಬೇಕು ಎಂದರು ಪಾದ್ರಿಗಳು.

ಗಂಡ ಬಾಗಿಲಲ್ಲಿ ನಿಂತಿದ್ದ. "ಒಂದಿನದ ರಜಾಕ್ಕೂ ಅರ್ಜಿ, ದೆವ್ವ ಬಿಡ್ಸಾಕೂ ಅರ್ಜಿ. ಯಾವುದು ಲಗೂ ಮಂಜೂರಾಗ್ತೈತ್ರಿ?"

"ಇದು ದೆವ್ವ ಅಲ್ಲ, ನಿಂಬೆಹಣ್ಣು" ಎಂದು ಪಾದ್ರಿಗಳು ಹೊರಟರು. ಹೊರಗೆ ಬಿದ್ದಿದ್ದ ಒಂದನ್ನು ಸ್ವಲ್ಪ ದೂರದಿಂದಲೇ ಬಳಸಿಕೊಂಡು ಹೋದರು.

ಬಾಯಿ ಅವತ್ತೇ ತೀರ್ಮಾನ ಮಾಡಿದಳು. ಬರುವ ಐತವಾರ ತವರಿಗೆ ಹೋಗುವುದು, ಆ ಮನೆಗೆ ಮತ್ತೆ ಕಾಲಿಡದಿರುವುದು. ಅಣಶಿ ಕಡೆಗೆ ಆಗ ಹೋಗುತ್ತಿದ್ದುದು ಬಿದಿರಿನ ಲಾರಿ ಮಾತ್ರ. ಆ ಕಾಡಿನ ದಾರಿಯಲ್ಲಿ ಗಟ್ಟಿ ಆಳುಗಳೇ ಪಕ್ಕೆ ಹಿಡಿದುಕೊಂಡು ಇಳಿಯುತ್ತಿದ್ದರು. ಹೋದರೆ ಕೂಸು ಉಳಿಯಲಿಕ್ಕಿಲ್ಲ ಎಂದು ಡಾಕ್ಟರು, ಇದ್ದರೆ ಉಳಿಯುವುದಿಲ್ಲ ಎಂದು ಅವಳು. ನಾನು ಒಂದು ಮಾತು ಹೇಳಿದ್ದರೆ ಅವಳು ಉಳಿಯುತ್ತಿದ್ದಳೋ ಏನೋ. ನಾನು ಅವಳ ಟ್ರಂಕಿಗೆ ಬಟ್ಟೆ ಮಡಚಿ ಕೊಟ್ಟೆ.

ಶನಿವಾರ ಮಧ್ಯಾಹ್ನ ಅವಳನ್ನು ಕರೆದೊಯ್ಯಲು ತಾಯಿಯ ತಂಗಿ ಬಂದಳು. ಬಾಯಿ ಅವಳಿಗೆ ಮಾವಶಿ ಎನ್ನುತ್ತಿದ್ದಳು. ಸಂತೆ ತಿರುಗಿದವಳು, ನಮ್ಮ ಕಡೆಯ ಕನ್ನಡ ಅವಳಿಗೆ ಬರುತ್ತಿತ್ತು. ಪಾದ್ರಿಗಳಿಗೆ ಗೊತ್ತಿಲ್ಲದ ವಿದ್ಯೆ ಮಾವಶಿಗೆ ಗೊತ್ತಿತ್ತು. ಪ್ರಯಾಣಕ್ಕೆ ಮೊದಲು ಹುಡುಗಿಯ ದೃಷ್ಟಿ ತೆಗೆಯಬೇಕೆಂದಳು. ಅತ್ತೆಯೂ ನಾನೂ ಹೋಗಿ ಕುಳಿತೆವು. ಮಾವಶಿ ಉಪ್ಪು, ಮೆಣಸಿನಕಾಯಿ, ಪಟಕವೆಂಬ ಸ್ಫಟಿಕದ ಹರಳನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಯ ತಲೆಯಿಂದ ಕಾಲವರೆಗೆ ಶಿಲುಬೆಯ ಗುರುತು ಮಾಡುತ್ತ ಪ್ರಾರ್ಥನೆ ಹೇಳಿ ಕೆಂಡಕ್ಕೆ ಹಾಕಿದಳು. ನಾವು ಮಾಡುವುದೂ ಇದೇ, ದೇವರು ಬೇರೆ. ಪಟಕ ಉಬ್ಬಿ ಯಾವುದೋ ಒಂದು ಆಕಾರಕ್ಕೆ ಬಂತು. ದೃಷ್ಟಿ ಹಾಕಿದವರ ರೂಪ ಅದರಲ್ಲಿ ಕಾಣುತ್ತದೆಂದು ನಂಬಿಕೆ.

"ಹೆಂಗಸು" ಎಂದಳು ಮಾವಶಿ, ಬಗ್ಗಿ ನೋಡುತ್ತ. "ದಪ್ಪ ಹೆಂಗಸು. ತುರುಬು ಕಟ್ಟ್ಯಾಳ."

ಅತ್ತೆ ತಮ್ಮ ತುರುಬನ್ನು ಮುಟ್ಟಿ ನೋಡಿಕೊಂಡರು. "ನನಗ ಹಂದಿ ಕಂಡಂಗಾಗ್ತೈತಿ" ಎಂದರು.

ಮಾವಶಿ ಸುಟ್ಟದ್ದನ್ನೆಲ್ಲ ಒಂದು ಪರಾತದಲ್ಲಿ ಬಳಿದುಕೊಂಡು ಎದ್ದಳು. "ಇದನ್ನ ಮೂರು ದಾರಿ ಕೂಡೂದಲ್ಲೆ ಒಗೀಬೇಕು. ಎಲ್ಲಿ ಬರ್ತೈತಿ?"

"ಇಲ್ಲೇ, ನಮ್ಮ ಬಾಗಲಾ ಮುಂದ" ಎಂದಳು ಬಾಯಿ.

ಮಾವಶಿ ಪರಾತ ಹಿಡಿದು ನಿಂತಳು. ಹೊರಗೆ ನೋಡಿದಳು, ಒಳಗೆ ನೋಡಿದಳು. ಕೊನೆಗೆ ಅತ್ತೆಯನ್ನು ಕೇಳಿದಳು. "ಹಂಗಾರ ನೀವೆಲ್ಲಾ ಎಲ್ಲಿ ಒಗೀತೀರಿ?"

"ಅಲ್ಲೇ ಒಗೀತೇವಿ ಮತ್ತ. ಹನ್ನೊಂದೂ ಮನ್ಯಾವ್ರು" ಎಂದರು ಅತ್ತೆ. ಅವರಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಂಡಿರಲಿಲ್ಲ.

ಬಾಯಿ ನೆಟ್ಟಗೆ ಕುಳಿತಳು. "ನನ್ನ ಬಾಗಲದಾಗ?"

"ನಿನ್ನ ಬಾಗಲದಾಗ ಯಾಕ ಒಗೀತೇವಿ? ದಾರಿ ಮ್ಯಾಲ ಒಗೀತೇವಿ. ನಿನ್ನ ಬಾಗಲಾ ಹೋಗಿ ಅಲ್ಲಿ ಐತಿ."

"ಹಂಗಾರ ನನಗ ಯಾರೂ ಮಾಟ ಮಾಡ್ಸಿಲ್ಲಾ?"

"ನಿನಗ್ಯಾರ ಮಾಡಸ್ತಾರ ನಮ್ಮವ್ವಾ? ಹೊಟ್ಟಿಕಿಚ್ಚು ಪಡಾಕ ನಿನ್ನ ಮನ್ಯಾಗರ ಏನೈತಿ? ಎರಡು ಕುರ್ಚಿ. ಒಂದರ ಕಾಲು ಮುರದೈತಿ."

ಬಾಯಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಮಾವಶಿಗೆ ಮಾತ್ರ ಸಮಾಧಾನವಾಗಲಿಲ್ಲ. ಹೆಸರಿಟ್ಟು ಕಳಿಸಿದ್ದಾದರೆ ಬಿಡಿಸಬಹುದು, ಹನ್ನೊಂದು ಮನೆಯ ಪೀಡೆ ವಿಳಾಸವಿಲ್ಲದೆ ಬಿದ್ದಿದ್ದರೆ ಅದು ಯಾರನ್ನಾದರೂ ಹಿಡಿಯುತ್ತದೆ ಎಂದಳು. ಅತ್ತೆಗೆ ಆ ಮಾತು ಸರಿ ಎನಿಸಿತು. ಎದ್ದು ಪರಾತಕ್ಕೆ ಕೈ ಚಾಚಿದರು.

"ತರ್ರಿಲ್ಲೆ. ಆಫೀಸರ ಬಂಗ್ಲೆ ಕಡೆನೂ ಮೂರು ದಾರಿ ಕೂಡ್ತಾವ. ಅವರಿಗೆ ನಾಯಿ ಅದಾವ, ವಾಚಮನ್ ಅದಾನ, ತಡಕೋತಾರ."

"ಒಯ್ಯೂವಾಗ ನಮ್ಮ ಪ್ರಾರ್ಥನಾ ಹೇಳ್ಬೇಕ್ರೀ."

"ನನಗ ಬರೂದಿಲ್ಲ."

"ಶಿಲುಬಿ ಗುರ್ತರ ಹಾಕ್ಕೋರಿ."

ಅತ್ತೆ ಹಣೆ ಮುಟ್ಟಿದರು, ಎದೆ ಮುಟ್ಟಿದರು, ಬಲಭುಜ ಮುಟ್ಟಿದರು. ಎಡಭುಜ ಮೊದಲು ಎಂದು ಮಾವಶಿ ತಿದ್ದಿದಳು. ಮೊದಲಿನಿಂದ ಮತ್ತೆ ಮಾಡಿದರು. ಪ್ರತಿ ಸೋಮವಾರ ಒಪ್ಪತ್ತು ಮಾಡುವ ಹೆಂಗಸು, ಸೆರಗು ತಲೆಯ ಮೇಲೆಳೆದುಕೊಂಡು, ಕ್ರಿಸ್ತುವರ ಪೀಡೆ ಹೊತ್ತು, ನಡುಬಿಸಿಲಿನಲ್ಲಿ ಅರ್ಧ ಮೈಲಿ ತಿರುಗಿ ನೋಡದೆ ನಡೆದರು. ಬರುವಾಗ ಒಂದೊಂದೇ ಬಾಗಿಲು ಬಡಿದು, ಇನ್ನು ಮೇಲೆ ಎಲ್ಲರೂ ಬಂಗ್ಲೆ ಕಡೆಗೇ ಒಗೆಯಬೇಕೆಂದು ಹೇಳಿ ಬಂದರು. ಎರಡು ಮನೆಯವರು ದೂರವಾಯಿತೆಂದು ಗೊಣಗಿದರು. "ದೂರ ಆದ್ರ ದೃಷ್ಟಿ ತಗೀಬ್ಯಾಡ್ರಿ, ಮಕ್ಕಳನ್ನ ಅಳಾಕ ಬಿಡ್ರಿ" ಎಂದರಂತೆ ಅತ್ತೆ.

ಐತವಾರ ಲಾರಿ ಮಾವಶಿಯನ್ನಷ್ಟೇ ಹತ್ತಿಸಿಕೊಂಡು ಹೋಯಿತು. ಬಾಯಿ ನಾಲ್ಕು ತಿಂಗಳು ಅದೇ ಮನೆಯಲ್ಲಿ ಮಲಗಿಯೇ ಕಳೆದಳು. ಅತ್ತೆ ಎರಡು ಹೊತ್ತು ಗಂಜಿ ಕಳಿಸಿದರು. ಹೆಣ್ಣು ಹುಟ್ಟಿತು. ಕೂಸು ಉಳಿದದ್ದು ತೀರ್ಥದಿಂದ ಎಂದು ಪಾದ್ರಿಗಳು ಹೇಳಲಿಲ್ಲ, ಆದರೆ ಹಾಗೆ ಹೇಳಬಹುದಾದಂಥ ಮುಖ ಮಾಡಿದ್ದರು.

ಕೂಸಿಗೆ ತಿಂಗಳು ತುಂಬುವ ಹೊತ್ತಿಗೆ ಒಂದು ದಿನ ಇಬ್ಬರೇ ಇದ್ದೆವು. ಹೇಳಿಬಿಟ್ಟೆ.

"ಬಾಯಿ, ಆ ನಿಂಬಿಹಣ್ಣಿನ ಮಾತು ನನಗ ಮೊದಲೇ ಗೊತ್ತಿತ್ತು. ನೀ ಚಹಾ ಕುಡಿಯೂವಾಗನ ಗೊತ್ತಿತ್ತು. ನೀ ಲಾರಿ ಹತ್ತತೇನಿ ಅಂದಾಗೂ ಹೇಳ್ಲಿಲ್ಲ."

ಅವಳು ಕೂಸಿನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಒಂದು ಕಾಲು ಮುಗಿಸಿ ಇನ್ನೊಂದು ತಿಕ್ಕಿದಳು. ನಾನು ಏಳಬೇಕೋ ಕೂಡಬೇಕೋ ತಿಳಿಯದೆ ಕುಳಿತೇ ಇದ್ದೆ.

"ನನಗ ಬಟ್ಟಿ ಒಗಿಯೂದೈತಿ" ಎಂದು ಎದ್ದಳು. "ಹಿಡಿ ಇದನ್ನ."

ಎಣ್ಣೆಯ ಕೂಸು ಜಾರುತ್ತಿತ್ತು. ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡೆ. ಚೆಂದ ಐತಿ ಎನ್ನಬಾರದೆಂದು ಅತ್ತೆ ಕಲಿಸಿದ್ದರು.

"ಮೂಗು ಭಾಳ ಮೊಂಡ ಐತ್ಯಲ್ಲೇ ನಿನ್ನ ಮಗಳದು" ಎಂದೆ.

"ನಿನ್ನ ಮಗಂದಕ್ಕಿಂತ ಬೇಸಿ ಐತಿ" ಎಂದು ಬಾಯಿ ಬಕೆಟ್ಟು ಹಿಡಿದು ನಳದ ಕಡೆ ಹೋದಳು. ಬಟ್ಟೆ ಮುಗಿಸಿ ಬರುವವರೆಗೂ ಒಂದು ಸಲವೂ ಬಂದು ಇಣುಕಲಿಲ್ಲ.